ಹಳೆಯ ಲಿವರ್ ಆಕ್ಷನ್ ರೈಫಲ್‌ನ ಸೈಟ್: ಗುರುತಿಸುವುದು ಹೇಗೆ, ಕೆಡಿಸದೆ ಸರಿಮಾಡುವುದು ಹೇಗೆ

ಆಯುಧಪೂಜೆ ಹತ್ತಿರ ಬಂತು ಅಂದರೆ ಮೈಸೂರು, ಮಂಡ್ಯ ಕಡೆ ಹಳೆಯ ಮನೆಗಳಲ್ಲಿ ಬೀರುವಿನೊಳಗಿನ ಕೋವಿ ಹೊರಗೆ ಬರುತ್ತದೆ. ಒರೆಸುತ್ತಾರೆ, ತಿಕ್ಕುತ್ತಾರೆ, ಅರಿಶಿನ ಕುಂಕುಮ ಇಡುತ್ತಾರೆ. ಈ ತಿಕ್ಕಾಟದಲ್ಲಿ ಮೊದಲು ಹಾಳಾಗುವುದು ನಳಿಗೆಯ ಮೇಲೆ ಕೂತಿರುವ ಎರಡು ಚಿಕ್ಕ ತುಂಡುಗಳು. ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಮುಂದಿನ ಸೈಟ್, ಹಿಂದಿನ ಸೈಟ್. ಅದರಲ್ಲೂ ಮನೆಯಲ್ಲಿರುವುದು ನೂರು ವರ್ಷ ದಾಟಿದ, ಅಮೆರಿಕದ ವಿಂಚೆಸ್ಟರ್ ಅಥವಾ ಮಾರ್ಲಿನ್ ಕಂಪನಿಯ ಲಿವರ್ ಆಕ್ಷನ್ ರೈಫಲ್ (ಟ್ರಿಗರ್ ಸುತ್ತಲಿನ ಲಿವರ್ ಕೆಳಗೆಳೆದು ಗುಂಡು ತುಂಬುವ ಕೋವಿ) ಆಗಿದ್ದರೆ ಆ ಸೈಟ್‌ಗೆ ಬೆಲೆ ಜಾಸ್ತಿ. ಆ ಕಾಲದಲ್ಲಿ ಕೊಳ್ಳುವವರು ತಮಗೆ ಬೇಕಾದ ಸೈಟ್ ಹೇಳಿ ಹಾಕಿಸಿಕೊಳ್ಳಬಹುದಿತ್ತು. ಹಾಗಾಗಿ ಆ ಕೋವಿಯನ್ನು ಯಾವ ಕೆಲಸಕ್ಕೆ ಅಂತ ತರಿಸಿದ್ದರು ಅನ್ನುವುದನ್ನು ಎಷ್ಟೋ ಸಲ ಸೈಟ್ ನೋಡಿಯೇ ಹೇಳಬಹುದು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ. ಮೊದಲು ಅದು ಏನು ಅಂತ ಗುರುತಿಸಿ, ಆಮೇಲೆ ಕೈ ಹಾಕಿ. ಕೈ ಹಾಕಿದರೂ ಎಷ್ಟು ಕಮ್ಮಿ ಆಗುತ್ತದೋ ಅಷ್ಟು ಕಮ್ಮಿ ಕೆಲಸ ಮಾಡಿ. ಹೊಳಪು ತರಿಸಲು ಹೋಗಬೇಡಿ.

ಕಾಗದ ನೋಡಿ, ಕೋವಿ ಖಾಲಿ ಇದೆಯಾ ನೋಡಿ

ಲೈಸೆನ್ಸ್ ತೆಗೆದು, ಅದರಲ್ಲಿ ಬರೆದಿರುವ ನಂಬರ್ ಮತ್ತು ಬೋರ್ (ನಳಿಗೆಯ ಒಳ ಅಳತೆ), ಕೋವಿಯ ಮೇಲೆ ಕೊರೆದಿರುವುದಕ್ಕೆ ಹೊಂದುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ. ವಿಂಚೆಸ್ಟರ್ 1895 ಮಾಡೆಲ್ ಅನ್ನು .303 ಬ್ರಿಟಿಷ್ ಗುಂಡಿಗೂ ಮಾಡಿದ್ದರು, ಆ ಬೋರ್ ನಮ್ಮಲ್ಲಿ ನಿಷೇಧಿತ ಪಟ್ಟಿಯಲ್ಲಿದೆ. ನಳಿಗೆ ಮೇಲೆ ಹಾಗೆ ಕಂಡರೆ ಬೇರೆ ಕೆಲಸ ಎಲ್ಲ ಬದಿಗಿಟ್ಟು ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ಮಾತು. 1959ರ ಆಯುಧ ಕಾಯ್ದೆ ಪ್ರಕಾರ ಕೋವಿ ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು. ಒರೆಸುವುದು, ಎಣ್ಣೆ ಹಾಕುವುದು, ಫೋಟೋ ತೆಗೆಯುವುದು ನಿಮ್ಮ ಕೆಲಸ. ಸೈಟ್ ಹೊಡೆದು ತೆಗೆಯುವುದು, ಬೆಸುಗೆ, ಕೊರೆಯುವುದು ಇವೆಲ್ಲ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. ಪಕ್ಕದ ಬೀದಿಯ ಲೇತ್ ಅಂಗಡಿಗೆ ತೆಗೆದುಕೊಂಡು ಹೋಗಬೇಡಿ, ಅವರು ಎಷ್ಟೇ ಒಳ್ಳೆಯ ಕೆಲಸಗಾರರಾಗಿರಲಿ. ನಂಬರ್ ಇರುವ ಜಾಗವನ್ನಂತೂ ಪಾಲಿಶ್ ಪೇಪರಿನಿಂದ ಮುಟ್ಟಲೇಬೇಡಿ, ಗುರುತಿನ ಅಕ್ಷರ ಅಳಿಸಿದರೆ ಅದೇ ಒಂದು ಅಪರಾಧ.

ಇನ್ನು ಕೋವಿ ಖಾಲಿ ಇದೆಯಾ ಅನ್ನುವುದು. ಲಿವರ್ ನಾಲ್ಕು ಸಲ ಆಡಿಸಿದೆ, ಏನೂ ಬರಲಿಲ್ಲ ಅಂತ ನಂಬಿ ಕೂರಬೇಡಿ. ಇವುಗಳಲ್ಲಿ ಹೆಚ್ಚಿನವುಗಳ ಮ್ಯಾಗಜಿನ್, ಅಂದರೆ ಗುಂಡು ತುಂಬಿಡುವ ಜಾಗ, ನಳಿಗೆ ಕೆಳಗಿನ ಉದ್ದ ಕೊಳವೆ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಗುಂಡು ಅಲ್ಲೇ ಉಳಿದಿರಬಹುದು. ಲಿವರ್ ತೆರೆದು ಟಾರ್ಚ್ ಬಿಟ್ಟು ನೋಡಿ, ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಕಿರುಬೆರಳು ಹಾಕಿ ನೋಡಿ. ಸಿಕ್ಕಿಕೊಂಡ ಗುಂಡು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ.

ಯಾವ ಮಾಡೆಲ್?

ಸೈಟ್ ಗುರುತಿಸಬೇಕಾದರೆ ಮೊದಲು ಕೋವಿ ಯಾವುದು ಅಂತ ಗೊತ್ತಿರಬೇಕು. ಕೋವಿಯ ಮೇಲ್ಭಾಗದಲ್ಲಿ, ಕುದುರೆಯ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ) ಹಿಂದೆ ಮರದೊಳಕ್ಕೆ ಇಳಿಯುವ ಉಕ್ಕಿನ ಪಟ್ಟಿ ಇರುತ್ತದಲ್ಲ, ಅದಕ್ಕೆ ಟ್ಯಾಂಗ್ ಅನ್ನುತ್ತಾರೆ. ವಿಂಚೆಸ್ಟರ್ ಆದರೆ ಸಾಮಾನ್ಯವಾಗಿ ಮಾಡೆಲ್ ಅಲ್ಲೋ ನಳಿಗೆ ಮೇಲೋ ಬರೆದಿರುತ್ತದೆ. 1873, 1886, 1892, 1894, 1895 ಇವು ಹೆಚ್ಚಾಗಿ ಕಾಣಸಿಗುವ ಮಾಡೆಲ್‌ಗಳು. ಕೊನೆಯ ನಾಲ್ಕೂ ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದವು. ಅಕ್ಷರ ಸವೆದು ಹೋಗಿದ್ದರೂ ಗುರುತು ಹಿಡಿಯಬಹುದು. ಲಿವರ್ ಕೆಳಗೆ ಎಳೆದಾಗ ಹೊಟ್ಟೆ ಕೆಳಗಿನ ತಗಡೂ ಜೊತೆಗೇ ಕೆಳಗಿಳಿದರೆ ಅದು 1894. ಕೊಳವೆ ಇಲ್ಲದೆ ಟ್ರಿಗರ್ ಮುಂದೆ ಡಬ್ಬಿಯಂಥ ಮ್ಯಾಗಜಿನ್ ಇದ್ದರೆ 1895. ಇದೇ 1895ಕ್ಕೆ 1904ರಲ್ಲಿ .405 ಗುಂಡು ಬಂತು, ದೊಡ್ಡ ಪ್ರಾಣಿಗಳ ಶಿಕಾರಿಗೆ ಹೆಸರುವಾಸಿಯಾಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋಗಿದ್ದೂ ಇದನ್ನೇ.

ಹಿಂದಿನ ಸೈಟ್

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ, ಗುರುತಿಸುವ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇರುವುದು.

ನಳಿಗೆ ಮೇಲಿನ ಸೈಟ್ ಉದ್ದನೆಯ ಸ್ಪ್ರಿಂಗ್ ಪಟ್ಟಿ. ಮುಂದಿನ ತುದಿ ನಳಿಗೆಯಲ್ಲಿ ಅಡ್ಡಲಾಗಿ ಕೊರೆದ ಡವ್‌ಟೇಲ್ ಗಾಡಿಯಲ್ಲಿ (ಬಾಯಿ ಕಿರಿದು, ಬುಡ ಅಗಲ ಇರುವ ಕೊರೆತದಲ್ಲಿ) ಕೂತಿರುತ್ತದೆ, ಹಿಂದಿನ ತುದಿಯಲ್ಲಿ ಕಣ್ಣಿಟ್ಟು ನೋಡುವ ಕಚ್ಚು ಇರುತ್ತದೆ. ಕಚ್ಚಿನ ಎರಡೂ ಕಡೆ ಎತ್ತಿನ ಕೊಂಬಿನ ಹಾಗೆ ಮೇಲೆದ್ದು ತುದಿ ಒಳಕ್ಕೆ ಬಾಗಿ ಹತ್ತಿರ ಹತ್ತಿರ ಉಂಗುರವೇ ಆಗಿದ್ದರೆ ಅದು ಬಕ್‌ಹಾರ್ನ್. ಕೊಂಬು ಗಿಡ್ಡ ಇದ್ದು ಬಾಯಿ ತೆರೆದಿದ್ದರೆ ಸೆಮಿ ಬಕ್‌ಹಾರ್ನ್. ಕೊಂಬೇ ಇಲ್ಲದೆ ಮೇಲೆ ಸಮ ಇದ್ದರೆ ಫ್ಲಾಟ್ ಟಾಪ್. ಮೂರಕ್ಕೂ ಪಟ್ಟಿಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಚೂರು ಇರಬೇಕು, ಅದನ್ನು ಎಲಿವೇಟರ್ ಅನ್ನುತ್ತಾರೆ. ಅದನ್ನು ಹಿಂದೆ ಮುಂದೆ ಸರಿಸಿದರೆ ಸೈಟ್ ಏರುತ್ತದೆ, ಇಳಿಯುತ್ತದೆ. ಇಡೀ ಕೋವಿಯಲ್ಲಿ ಬೇಗ ಕಳೆದುಹೋಗುವ ಭಾಗ ಇದೇ. ಮದ್ದೂರು ಕಡೆಯ ಒಬ್ಬರ ಮನೆಯ 1892 ಮಾಡೆಲ್ ಕೋವಿಯಲ್ಲಿ ಎಲಿವೇಟರ್ ಜಾಗಕ್ಕೆ ಸೈಕಲ್ ಕಡ್ಡಿಯ ತುಂಡನ್ನು ಎರಡು ಮಡಿಕೆ ಮಾಡಿ ತುರುಕಿದ್ದರು. ಅದು ಪಟ್ಟಿಯ ಅಡಿಯಲ್ಲಿ ಎರಡು ಗೀರು ಹಾಕಿ, ಆ ಗೀರಿನಲ್ಲೇ ತುಕ್ಕು ಕೂರಿಸಿತ್ತು. ಸೈಟ್ ಮಾತ್ರ ಅಸಲಿಯೇ, ಕೊಂಬಿನ ತುದಿ ಕೂಡ ಸವೆದಿರಲಿಲ್ಲ. ನಿಮ್ಮದರಲ್ಲೂ ಇಂಥ ಏನಾದರೂ ಕಂಡರೆ ಇಡೀ ಸೈಟ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ.

ಕಾರ್ಬೈನ್ (ಗಿಡ್ಡ ನಳಿಗೆಯದ್ದು) ಅಥವಾ ಮಸ್ಕೆಟ್ (ಸೈನ್ಯದ ಮಾದರಿಯ ಉದ್ದ ನಳಿಗೆಯದ್ದು) ಆದರೆ ಏಣಿಯಂತೆ ಮಡಚಿ ಎತ್ತುವ ಲ್ಯಾಡರ್ ಸೈಟ್ ಇರುತ್ತದೆ, ಅದರ ಮೇಲೆ ಗಜದ ಲೆಕ್ಕದ ಅಂಕಿಗಳಿರುತ್ತವೆ.

ಮುಂದೆ ಟ್ಯಾಂಗ್ ನೋಡಿ. ಅಲ್ಲಿ ನಿಲ್ಲಿಸಿ ಮಲಗಿಸುವ ಕಡ್ಡಿ, ಅದರ ತುದಿಯಲ್ಲಿ ತೂತಿರುವ ಬಿಲ್ಲೆ ಇದ್ದರೆ ಅದು ಟ್ಯಾಂಗ್ ಸೈಟ್. ಎರಡು ಹೆಸರು ಮುಖ್ಯ. ಒಂದು ಲೈಮನ್, ಕನೆಕ್ಟಿಕಟ್‌ನ ಮಿಡಲ್‌ಫೀಲ್ಡ್‌ನದು, ವಿಲಿಯಂ ಲೈಮನ್ ಇದಕ್ಕೆ ಪೇಟೆಂಟ್ ಪಡೆದದ್ದು 1879ರಲ್ಲಿ. ಇನ್ನೊಂದು ಮಾರ್ಬಲ್, ಮಿಷಿಗನ್‌ನ ಗ್ಲ್ಯಾಡ್‌ಸ್ಟನ್‌ನದು. ಹೆಸರು ಸವೆದಿದ್ದರೆ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ ಬಿಡಿ. ಬಗ್ಗಿ ತಾನಾಗಿ ಎದ್ದು ನಿಂತರೆ ಬುಡದಲ್ಲಿ ಸ್ಪ್ರಿಂಗ್ ಇದೆ ಅಂತ ಅರ್ಥ, ಅದು ಮಾರ್ಬಲ್‌ನ ಗುರುತು. ಬುಡದ ತಟ್ಟೆಯ ಮೇಲೆ ಒಂದೆರಡು ಅಕ್ಷರ ಒತ್ತಿರುತ್ತಾರೆ. ಅದು ಯಾವ ಕೋವಿಗೆ ಮಾಡಿದ್ದು ಅನ್ನುವ ಸಂಕೇತ, ಅದನ್ನು ಬರೆದಿಟ್ಟುಕೊಳ್ಳಿ. ಸ್ಕ್ರೂ ತೂತುಗಳ ನಡುವಿನ ಅಂತರವನ್ನೂ ಅಳೆದುಕೊಳ್ಳಿ, ವಿಂಚೆಸ್ಟರ್‌ನದು ಮಾರ್ಲಿನ್‌ಗೆ ಕೂರುವುದಿಲ್ಲ. 1886 ಮತ್ತು 1895 ಮಾಡೆಲ್‌ಗಳಲ್ಲಿ ಒಡಲಿನ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸಿದ ಲೈಮನ್ 21 ನಂಬರಿನ ಸೈಟ್ ಕೂಡ ಸಿಗುತ್ತದೆ. ಅದು ಪೂರ್ತಿ ಇದ್ದರೆ ಜೋಪಾನ, ಬಿಡಿಭಾಗ ಸಿಗುವುದು ಕಷ್ಟ.

ಟ್ಯಾಂಗ್ ಮೇಲೆ ಸೈಟ್ ಇಲ್ಲ, ಆದರೆ ಒಂದು ಹೆಚ್ಚುವರಿ ತೂತು ಇದೆ, ಅದರಲ್ಲಿ ಚಿಕ್ಕ ಸ್ಕ್ರೂ ಮುಚ್ಚಿದೆ. ಅದು ಕೆಟ್ಟ ಕೆಲಸ ಅಂದುಕೊಳ್ಳಬೇಡಿ. ಟ್ಯಾಂಗ್ ಸೈಟ್ ಹಾಕಲು ಅನುಕೂಲವಾಗಲಿ ಅಂತ ಕಂಪನಿಯಲ್ಲೇ ಕೊರೆದು ಬಿಡುತ್ತಿದ್ದರು. ಹಾಗೆಯೇ ನಳಿಗೆ ಮೇಲೆ ಸೈಟ್ ಇರಬೇಕಾದ ಗಾಡಿಯಲ್ಲಿ ಸುಮ್ನೆ ಚಪ್ಪಟೆ ಉಕ್ಕಿನ ತುಂಡು ಇದ್ದರೆ ಅದು ಬ್ಲಾಂಕ್, ಟ್ಯಾಂಗ್ ಸೈಟ್ ಬಳಸುತ್ತಿದ್ದವರು ಅಡ್ಡ ಬರಬಾರದು ಅಂತ ಹಾಕಿಸಿಕೊಂಡದ್ದು. ಇವೆರಡೂ ಒಟ್ಟಿಗೆ ಕಂಡರೆ ಮನೆಯಲ್ಲಿ ಹಳೆಯ ಟ್ರಂಕು, ಡಬ್ಬಿ ಹುಡುಕಿ. ಕಳಚಿಟ್ಟ ಟ್ಯಾಂಗ್ ಸೈಟ್ ಗುಂಡಿ, ಮೊಳೆಗಳ ಜೊತೆ ಎಲ್ಲೋ ಬಿದ್ದಿರುವ ಸಾಧ್ಯತೆ ಇದೆ.

ಮುಂದಿನ ಸೈಟ್

ಇದರಲ್ಲಿ ಜಾಸ್ತಿ ಬಗೆ ಇಲ್ಲ. ಸಣ್ಣ ಬ್ಲೇಡ್, ಅದು ಉಕ್ಕಿನದೋ ಬಿಳಿಯ ಜರ್ಮನ್ ಸಿಲ್ವರಿನದೋ ಆಗಿರುತ್ತದೆ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ, ಜರ್ಮನ್ ಸಿಲ್ವರಿಗೆ ಅಂಟುವುದಿಲ್ಲ. ತುದಿಯಲ್ಲಿ ಗುಂಡನೆಯ ಮಣಿ ಇದ್ದರೆ ಹಿತ್ತಾಳೆ, ಚಿನ್ನದ ಬಣ್ಣದ್ದು ಅಥವಾ ದಂತದ್ದು. ಮಡಚಿದರೆ ಬ್ಲೇಡ್, ಎತ್ತಿದರೆ ಉಂಗುರದೊಳಗೆ ಮಣಿ ಹೀಗೆ ಎರಡು ಕೆಲಸ ಮಾಡುವುದು ಬೀಚ್ ಕಾಂಬಿನೇಷನ್ ಸೈಟ್, ಇದು ಸಿಕ್ಕರೆ ಅದೃಷ್ಟ.

ಅಸಲಿಯಾ, ಆಮೇಲೆ ಹಾಕಿದ್ದಾ?

ಬಿಸಿಲಿಗೆ ತಂದು ನಳಿಗೆಯ ಬಣ್ಣ ಮತ್ತು ಸೈಟ್‌ನ ಬಣ್ಣ ಹೋಲಿಸಿ. ನಳಿಗೆ ಕಂದು ಬಣ್ಣಕ್ಕೆ ತಿರುಗಿ ಸೈಟ್ ಮಾತ್ರ ಕಪ್ಪಗೆ ಮಿರಮಿರ ಅನ್ನುತ್ತಿದ್ದರೆ ಅನುಮಾನ ಪಡಿ. ಗಾಡಿಯ ಅಂಚಿನಲ್ಲಿ ಪಂಚ್ ಹೊಡೆದ ಗುಳಿಗಳಿದ್ದರೆ ಯಾರೋ ಸಡಿಲ ಸೈಟ್ ಬಿಗಿ ಮಾಡಲು ಹೋಗಿದ್ದಾರೆ. ಸೈಟ್ ಒಂದು ಕಡೆ ಹೊರಗೆ ಚಾಚಿ ಇನ್ನೊಂದು ಕಡೆ ಒಳಗೆ ಹೋಗಿದ್ದರೆ, ಒಂದೋ ಗುರಿ ಸರಿಮಾಡಲು ಸರಿಸಿದ್ದಾರೆ, ಇಲ್ಲವೇ ಅಳತೆ ಬೇರೆಯದ್ದು ತಂದು ಹಾಕಿದ್ದಾರೆ. ವಿಂಚೆಸ್ಟರ್‌ನ ಸಾಮಾನ್ಯ ಗಾಡಿ 3/8 ಇಂಚು ಅಗಲ, ಅಂದರೆ ಸುಮಾರು 9.5 ಮಿಲಿಮೀಟರ್.

ಖಚಿತ ಉತ್ತರ ಬೇಕಾದರೆ ದಾರಿ ಇದೆ. ಅಮೆರಿಕದ ವಯೋಮಿಂಗ್‌ನ ಕೋಡಿ ಊರಿನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿ ವಿಂಚೆಸ್ಟರ್ ಮತ್ತು ಮಾರ್ಲಿನ್‌ನ ಹಳೆಯ ಕಾರ್ಖಾನೆ ದಾಖಲೆ ಪುಸ್ತಕಗಳಿವೆ. ಎಲ್ಲ ನಂಬರಿಗೂ ದಾಖಲೆ ಉಳಿದಿಲ್ಲ. ಆದರೆ ಉಳಿದಿದ್ದರೆ ಹಣ ಕಟ್ಟಿ ಪತ್ರ ತರಿಸಬಹುದು, ವಿಶೇಷ ಸೈಟ್ ಹಾಕಿ ಕಳಿಸಿದ್ದರೆ ಹಲವು ಸಲ ಅದರಲ್ಲಿ ಬರೆದಿರುತ್ತದೆ. ದುಡ್ಡು ಕೊಟ್ಟು ಬೇರೆ ಸೈಟ್ ಕೊಳ್ಳುವ ಮೊದಲು ಈ ಪತ್ರ ತರಿಸುವುದು ಜಾಣತನ.

ಶುಚಿ ಮಾಡುವುದು

ಮೊದಲು ಫೋಟೋ. ಮೇಲಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ.

ಈಗ ಗಾಡಿಯ ಮೂಲೆ ನೋಡಿ. ನಮ್ಮ ಕಡೆಯ ಕೋವಿಗಳಲ್ಲಿ ಅಲ್ಲಿ ಕೆಂಪಗೆ ಕಾಣುವುದೆಲ್ಲ ತುಕ್ಕಲ್ಲ. ವರ್ಷ ವರ್ಷ ಒದ್ದೆ ಕುಂಕುಮ, ಗಂಧ ಇಟ್ಟು ಅದು ಎಣ್ಣೆಯ ಜೊತೆ ಸೇರಿ ಗಟ್ಟಿಯಾದ ಪದರ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರಡಿ ನಿಜವಾದ ತುಕ್ಕು ಬೆಳೆಯುತ್ತದೆ. ಬಿದಿರಿನ ಹಲ್ಲುಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಅದ್ದಿ ಮೆಲ್ಲಗೆ ಕೆದಕಿ, ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಒಂದೇ ದಿನಕ್ಕೆ ಮುಗಿಸಬೇಕು ಅಂತ ಹಟ ಬೇಡ. ಪೂಜೆ ನಿಲ್ಲಿಸಿ ಅನ್ನುತ್ತಿಲ್ಲ, ಕುಂಕುಮವನ್ನು ಮರದ ಹಿಡಿಗೆ ಒಂದು ಕಾಗದ ಅಂಟಿಸಿ ಅದರ ಮೇಲೆ ಇಡಿ, ಸಾಕು.

ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್, ಪಾತ್ರೆ ತೊಳೆಯುವ ಪುಡಿ ಇವು ಯಾವುದೂ ಹತ್ತಿರ ಬರಬಾರದು. ಹುಳಿ ತುಕ್ಕನ್ನೂ ತಿನ್ನುತ್ತದೆ, ನೂರು ವರ್ಷದ ನೀಲಿ ಬಣ್ಣವನ್ನೂ ತಿನ್ನುತ್ತದೆ. ಐದು ನಿಮಿಷದಲ್ಲಿ ಬೂದು ಬಣ್ಣದ ಬೋಳು ಉಕ್ಕು ಉಳಿಯುತ್ತದೆ, ಅದನ್ನು ಯಾರೂ ವಾಪಸ್ ತರಲಾರರು. ಕೊಬ್ಬರಿ ಎಣ್ಣೆಯೂ ಬೇಡ. ಹಿತ್ತಾಳೆ ಮಣಿಗೆ ಅಮೋನಿಯಾ ಇರುವ ಪಾಲಿಶ್ ಹಾಕಬೇಡಿ. ಬ್ರಿಟಿಷರ ಕಾಲದಲ್ಲಿ ಇದೇ ದೇಶದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು, ಕುದುರೆ ಮೂತ್ರದ ಅಮೋನಿಯಾವೇ ಕಾರಣ ಅಂತ ಆಮೇಲೆ ಗೊತ್ತಾಯಿತು.

ಕೆಂಪು ತುಕ್ಕು ಮೇಲ್ಮೈಯಲ್ಲೇ ಇದ್ದರೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಹಳೆಯ ತಾಮ್ರದ ಕಾಸಿನ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕು ಏಳುತ್ತದೆ, ಗೀರು ಬೀಳುವುದಿಲ್ಲ. ಅದಕ್ಕೂ ಬಗ್ಗದಿದ್ದರೆ 0000 ನಂಬರಿನ ಸ್ಟೀಲ್ ವೂಲ್, ಎಣ್ಣೆ ಜೊತೆ, ಹಗುರ ಕೈಯಲ್ಲಿ. ಅಂಕಿ, ಅಕ್ಷರ, ಟ್ಯಾಂಗ್ ಸೈಟ್‌ನ ಅಳತೆ ಗೆರೆ ಇರುವ ಕಡೆ ಅದೂ ಬೇಡ.

ಬಿಚ್ಚಿ ತೆಗೆದ ಉಕ್ಕಿನ ಸೈಟ್‌ಗೆ ಇನ್ನೂ ಒಳ್ಳೆಯ ದಾರಿ ಕುದಿಸುವುದು. ಎಣ್ಣೆ ಜಿಡ್ಡು ಪೂರ್ತಿ ತೆಗೆದು, ಸ್ಟೀಲ್ ಪಾತ್ರೆಯಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಅರ್ಧ ಗಂಟೆ ಕುದಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಉಕ್ಕಿಗೆ ನೀಲಿಗಪ್ಪು ಬಣ್ಣ ಕೊಡುವ ಹಳೆಯ ಕಾಲದ ರಸ್ಟ್ ಬ್ಲೂಯಿಂಗ್ ನಡೆಯುತ್ತಿದ್ದುದು ಇದೇ ತತ್ವದ ಮೇಲೆ. ನಲ್ಲಿ ನೀರು ಬೇಡ, ಅದರ ಲವಣ ಕಲೆ ಕೂರಿಸುತ್ತದೆ. ಬ್ಯಾಟರಿಗೆ ಹಾಕುವ ನೀರು ತನ್ನಿ. ಮೇಲೆ ಕೂತ ಕಪ್ಪು ಪುಡಿಯನ್ನು ಜಿಡ್ಡು ತೆಗೆದ ಸ್ಟೀಲ್ ವೂಲ್‌ನಿಂದ ಒರೆಸಿ, ಬಿಸಿಯಿರುವಾಗಲೇ ಒಣಗಿಸಿ ಎಣ್ಣೆ ಹಾಕಿ. ತುಕ್ಕು ತಿಂದ ಗುಳಿ ಹಾಗೇ ಇರುತ್ತದೆ, ಆದರೆ ಕೊರೆತ ನಿಲ್ಲುತ್ತದೆ, ಬಣ್ಣ ನಳಿಗೆಗೆ ಹೊಂದುತ್ತದೆ. ದಂತದ ಮಣಿ ಇರುವುದನ್ನು ಮಾತ್ರ ಕುದಿಸಬೇಡಿ.

ಬಿಚ್ಚುವಾಗ ರಿಪೇರಿಯವರಿಗೆ ಹೇಳಬೇಕಾದ್ದು

ಈ ಕೆಲಸ ಅವರದ್ದು, ಆದರೆ ನೀವು ಪಕ್ಕದಲ್ಲಿ ನಿಂತಿರಿ. ಅಮೆರಿಕದ ಲಿವರ್ ಆಕ್ಷನ್ ರೈಫಲ್‌ಗಳ ರೂಢಿ ಹೀಗಿದೆ: ನಳಿಗೆಯ ಬಾಯಿ ಆಚೆ ಇಟ್ಟು ಹಿಂದಿನಿಂದ ನೋಡಿದರೆ ಸೈಟ್ ಅನ್ನು ಎಡದಿಂದ ಬಲಕ್ಕೆ ಹೊಡೆದು ತೆಗೆಯಬೇಕು, ಬಲದಿಂದ ಎಡಕ್ಕೆ ಕೂರಿಸಬೇಕು. ತಿರುಗಾ ಮುರುಗಾ ಹೊಡೆದರೆ ಗಾಡಿ ಅಗಲವಾಗುತ್ತದೆ. ಹೊಡೆಯುವ ಮೊದಲು ಎರಡು ದಿನ ಒಳಗೆ ಇಳಿಯುವ ಎಣ್ಣೆ ಹಾಕಿಟ್ಟಿರಲಿ. ಅಸಿಟೋನ್ ಮತ್ತು ಕಾರುಗಳ ಆಟೋಮ್ಯಾಟಿಕ್ ಗೇರ್ ಎಣ್ಣೆ ಸಮ ಸಮ ಬೆರೆಸಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮರದ ಪಾಲಿಶ್‌ಗೆ ತಾಗಬಾರದು, ಬೆಂಕಿಯಿಂದಲೂ ದೂರ ಇರಬೇಕು. ಪಂಚ್ ಹಿತ್ತಾಳೆಯದ್ದೇ ಆಗಿರಲಿ. ಸೈಟ್ ಈಗ ಎಲ್ಲಿದೆ ಅನ್ನುವುದಕ್ಕೆ ನಳಿಗೆ ಮೇಲೆ ಗೀರು ಹಾಕುವುದು ಬೇಡ, ಕಾಗದದ ಟೇಪ್ ಅಂಟಿಸಿ ಪೆನ್ಸಿಲ್ ಗೆರೆ ಎಳೆದರೆ ಆಯಿತು.

ಸ್ಕ್ರೂಗಳ ವಿಷಯದಲ್ಲಿ ನಾನು ಹಟಮಾರಿ. ಈ ಕಾಲದ ಸ್ಕ್ರೂಗಳ ಸೀಳು ಕಿರಿದು, ಗೋಡೆ ನೇರ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ತುದಿ ಇಳಿಜಾರು, ಅದು ಸೀಳಿನ ಬಾಯಿ ಕಿತ್ತುಹಾಕುತ್ತದೆ. ಸೀಳಿಗೆ ಸರಿಯಾಗಿ ಕೂರುವ ಹಾಗೆ ತುದಿ ಸಾಣೆ ಹಿಡಿದ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅವತ್ತು ಕೆಲಸ ಬೇಡ. ಎಳೆಗಳು ಇವತ್ತಿನ ಮೆಟ್ರಿಕ್ ಅಲ್ಲ, ಹೊಸ ಸ್ಕ್ರೂ ತುರುಕಿದರೆ ಒಳಗಿನ ಎಳೆಯೂ ಹೋಗುತ್ತದೆ.

ಸೈಟ್ ಸಡಿಲ ಇದ್ದರೆ ಗಾಡಿಯ ಅಂಚನ್ನು ಬಡಿಯಬಾರದು. ಸೈಟ್‌ನ ಅಡಿಗೆ ತೆಳು ಹಿತ್ತಾಳೆ ತಗಡು ಇಟ್ಟು ಕೂರಿಸಿದರೆ ಬಿಗಿಯಾಗುತ್ತದೆ, ಬೇಕಾದಾಗ ತೆಗೆಯಬಹುದು. ಬಗ್ಗಿದ ಕೊಂಬನ್ನು ತಣ್ಣಗಿರುವಾಗ ಇಕ್ಕಳದಲ್ಲಿ ಎಳೆದರೆ ಮುರಿಯಬಹುದು. ಸ್ವಲ್ಪ ಬಾಗಿದ್ದರೆ ಹಾಗೇ ಬಿಡಿ, ನೋಡಲು ಅಡ್ಡ ಬರುವುದಿಲ್ಲ. ಎಲಿವೇಟರ್ ಮಾತ್ರ ಹೊಸದಾಗಿ ಮಾಡಿಸಿ ಹಾಕಿಸಬಹುದು, ಅದರಲ್ಲಿ ತಪ್ಪಿಲ್ಲ. ಟ್ಯಾಂಗ್ ಸೈಟ್‌ನ ತಿರುಗುವ ಉಂಗುರ ಅಲುಗದಿದ್ದರೆ ಚರ್ಮದ ಚೂರು ಸುತ್ತಿ ಕೈಯಿಂದಲೇ ತಿರುಗಿಸಬೇಕು. ಬರಲಿಲ್ಲ ಅಂದರೆ ಇನ್ನೆರಡು ದಿನ ಎಣ್ಣೆ.

ದಂತದ ಮಣಿ ಬಿದ್ದುಹೋಗಿದ್ದರೆ ದಂತ ಹುಡುಕಬೇಡಿ. ದಂತದ ವ್ಯಾಪಾರ ನಿಷೇಧ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರೇ ದಂತ ಬಿಟ್ಟು ಪ್ಲಾಸ್ಟಿಕ್‌ಗೆ ಬಂದು ಎಷ್ಟೋ ವರ್ಷವಾಯಿತು. ಕೆನೆ ಬಣ್ಣದ ಅಕ್ರಿಲಿಕ್ ಚೂರು ಸಾಕು. ಇರುವ ದಂತದ ಮಣಿ ಹಳದಿಯಾಗಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಬಿಡಿ, ಆ ಹಳದಿಯೇ ಅದರ ವಯಸ್ಸು.

ಇಟ್ಟುಕೊಳ್ಳುವುದು, ಗುರಿ ನೋಡುವುದು

ಕೆಲಸ ಮುಗಿದ ಮೇಲೆ ತೆಳ್ಳಗೆ ಮೈಕ್ರೊಕ್ರಿಸ್ಟಲಿನ್ ಮೇಣ ಹಚ್ಚಿದರೆ ಬೆರಳ ಬೆವರು ತಾಗುವುದಿಲ್ಲ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ಹದ ಮಾಡಿದ ಆಮ್ಲ, ಉಪ್ಪು ಉಕ್ಕಿಗೆ ಶತ್ರು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕಾಗುತ್ತದೆ. ಅಲ್ಲಿ ಎಷ್ಟು ವಾರ ಇರುತ್ತದೋ, ಯಾವುದರ ಪಕ್ಕ ಇರುತ್ತದೋ ಹೇಳಲಾಗದು. ಕೊಡುವ ಮೊದಲು ಎಣ್ಣೆ ಹಾಕಿ, ಮುಂದಿನ ಸೈಟ್‌ಗೆ ದಪ್ಪ ಬಟ್ಟೆ ಸುತ್ತಿ, ಟ್ಯಾಂಗ್ ಸೈಟ್ ಮಲಗಿಸಿ, ಫೋಟೋ ತೆಗೆದು ಕೊಡಿ.

ಗುಂಡು ಹೊಡೆದು ನೋಡಬೇಕು ಅನಿಸಿದರೆ ರಿಪೇರಿಯವರು ಚೇಂಬರ್, ಬೋಲ್ಟ್ ಪರೀಕ್ಷಿಸಿ ಆಗಬಹುದು ಅಂದ ಮೇಲೆಯೇ, ಅನುಮತಿ ಇರುವ ರೇಂಜ್‌ನಲ್ಲೇ. 1873 ಮಾಡೆಲ್‌ನಂಥವು ಕಪ್ಪು ಮದ್ದಿನ ಕಾಲದವು, ಇವತ್ತಿನ ಬಿರುಸು ಗುಂಡು ಅವಕ್ಕಲ್ಲ. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ ಸರಿಸಬೇಕು, ಮುಂದಿನದನ್ನು ಅದಕ್ಕೆ ವಿರುದ್ಧ. ಎಷ್ಟು ಅನ್ನುವುದಕ್ಕೆ ಲೆಕ್ಕ ಸುಲಭ. ಎರಡು ಸೈಟ್‌ಗಳ ನಡುವಿನ ದೂರವನ್ನು ಗುರಿ ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟ್‌ಗಳ ನಡುವೆ 55 ಸೆಂಟಿಮೀಟರ್, 50 ಮೀಟರಿನಲ್ಲಿ 10 ಸೆಂಟಿಮೀಟರ್ ತಪ್ಪುತ್ತಿದೆ ಅಂದರೆ ಸರಿಸಬೇಕಾದ್ದು ಬರೀ 1.1 ಮಿಲಿಮೀಟರ್. ಇಷ್ಟಕ್ಕೆ ಹಳೆಯ ಮುಂದಿನ ಬ್ಲೇಡ್‌ಗೆ ಅರ ಹಾಕಲು ಹೋಗಬೇಡಿ. ಎಲಿವೇಟರ್ ಒಂದು ಮೆಟ್ಟಿಲು ಸರಿಸಿ ನೋಡಿ. ಆಗದಿದ್ದರೆ ಹಳೆಯ ಬ್ಲೇಡ್ ತೆಗೆಸಿ, ಹೊಸದೊಂದು ಹಾಕಿಸಿ ಅದಕ್ಕೆ ಅರ ಹಾಕಿಸಿ. ತೆಗೆದದ್ದಕ್ಕೆ ಎಣ್ಣೆ ಹಚ್ಚಿ, ಕೋವಿಯ ನಂಬರ್ ಬರೆದ ಕವರಿನಲ್ಲಿ ಹಾಕಿ ಲೈಸೆನ್ಸ್ ಪುಸ್ತಕದ ಜೊತೆಗೇ ಇಡಿ.